ಮಗಳ ಕ್ಲಾಸಿಗಾಗಿ ನಿಂತ ಹೊಲಿಗೆ ಮಿಷನ್

ಲಾಕ್‌ಡೌನ್ ಕಾಲ. ಅಂಗಡಿ ಮುಚ್ಚಿದ್ದರಿಂದ ಟೈಲರ್ ತಮ್ಮ ಹೊಲಿಗೆ ಮಿಷನ್ನನ್ನು ಮನೆಯ ಹಾಲಿಗೆ ತಂದಿಟ್ಟುಕೊಂಡು ಮಾಸ್ಕ್ ಹೊಲಿಯುತ್ತಿದ್ದರು. ಇದ್ದದ್ದು ಅದೊಂದೇ ಕೆಲಸ. ಆದರೂ ಹಾಲಿಗೆ ಅಡ್ಡ ಕಟ್ಟಿದ್ದ ಬಟ್ಟೆಯ ಪರದೆಯ ಆಚೆ ಮಗಳ ಆನ್‌ಲೈನ್ ಕ್ಲಾಸ್ ಶುರುವಾಯಿತೆಂದರೆ ಮಿಷನ್ ನಿಲ್ಲಿಸಿಬಿಡುತ್ತಿದ್ದರು. ಮಗಳು ಯೂನಿವರ್ಸಿಟಿ ಓದುವವಳು, ಗಲಾಟೆ ಆಗಬಾರದಲ್ಲ.

ಮಗಳೋ ಕ್ಲಾಸಿಗೆ ಸೇರಿ, ಕ್ಯಾಮೆರಾ, ಮೈಕು ಆಫ್ ಮಾಡಿ, ಮುಸುಕೆಳೆದು ಮಲಗುತ್ತಿದ್ದಳು. ರಾತ್ರಿಯೆಲ್ಲ ಮೊಬೈಲು, ಹಗಲೆಲ್ಲ ನಿದ್ದೆ.

ಒಂದು ದಿನ ನಿದ್ದೆಯಲ್ಲೇ ಬೆರಳು ತಾಗಿ ಮೈಕು ಆನ್ ಆಯಿತು. ಕ್ಲಾಸ್ ಮುಗಿದ ಮೇಲೆ ಜೊತೆಗೆ ಓದುವ ಗೆಳತಿ ಫೋನ್ ಮಾಡಿದಳು.

"ನಿನ್ನ ಗೊರಕೆ ಎಲ್ರಿಗೂ ಕೇಳಿಸ್ತು ಕಣೇ. ಮೊದ್ಲು ನಕ್ವಿ. ಅಷ್ಟರಲ್ಲಿ ನಿಮ್ಮಪ್ಪ, 'ಮೆತ್ತಗೆ ಮಾತಾಡಿ, ಮಗಳು ಓದ್ತಿದ್ದಾಳೆ, ಮಾಸ್ಕ್ ಆಮೇಲೆ ಹೊಲಿದು ಕೊಡ್ತೀನಿ' ಅಂದ್ರು. ಮಾಸ್ಕ್ ಹೊಲಿಸೋಕೆ ಬಂದವರು, 'ದಿನಾ ಇದೇ ಆಯ್ತು, ಬೇರೆ ಕಡೆ ಕೊಡ್ತೀವಿ' ಅಂತ ಹೋದ್ರು. ಆಮೇಲೆ ಯಾರೂ ನಗ್ಲಿಲ್ಲ."

ಮಗಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಪ್ಪನ ಮುಖ ನೋಡಲಾಗಲಿಲ್ಲ. ಊಟಕ್ಕೂ ಏಳಲಿಲ್ಲ.

ಸಂಜೆ ಅತ್ತೆ ಬಂದರು. ಅಪ್ಪನ ತಂಗಿ, ಆಸ್ಪತ್ರೆಯಲ್ಲಿ ನರ್ಸು. ಬಾಗಿಲಲ್ಲೇ ನಿಂತು, "ಯಾಕೆ ಮುಖ ಹೀಗಿದೆ?" ಎಂದರು. ಮಗಳು ಅಪ್ಪನ ಎದುರೇ ಎಲ್ಲ ಹೇಳಿ ಅತ್ತುಬಿಟ್ಟಳು.

"ನಾನು ಸೋಮಾರಿ ಅತ್ತೆ. ಓದೋಕೆ ಮನಸ್ಸೇ ಬರಲ್ಲ."

"ಬರೀ ಸೋಮಾರಿತನ ಅಲ್ಲ ಕಣೇ. ಕಾಲೇಜಿಲ್ಲ, ಗೆಳತಿಯರಿಲ್ಲ, ಹೊತ್ತುಗೊತ್ತಿಲ್ಲ. ನಿದ್ದೆ ಕೆಟ್ರೆ ಮನಸ್ಸೂ ಕೆಡುತ್ತೆ. ಮನಸ್ಸು ಬರ್ಲಿ ಅಂತ ಕಾಯ್ಬೇಡ. ದಿನಾ ಒಂದೇ ಹೊತ್ತಿಗೆ ಏಳು, ಬೆಳಗ್ಗೆ ಒಂದಿಷ್ಟು ಬಿಸಿಲಲ್ಲಿ ನಿಲ್ಲು. ರಾತ್ರಿ ಮೊಬೈಲ್ ಅಪ್ಪನ ಹತ್ರ ಇರ್ಲಿ. ಹಾಸಿಗೆ ಮೇಲೆ ಕ್ಲಾಸು ಬೇಡ."

ಟೈಲರಿಗೆ ನಂಬಿಕೆ ಬರಲಿಲ್ಲ. "ಕೂರೋ ಜಾಗ ಬದಲಾಯಿಸಿದ್ರೆ ನಿದ್ದೆ ಸರಿಹೋಗುತ್ತಾ?"

"ಅಂಗಡೀಲಿ ಹಾಸಿಗೆ ಹಾಸಿದ್ರೆ ನೀನೆಷ್ಟು ಬಟ್ಟೆ ಹೊಲೀತಿದ್ದೆ ಅಣ್ಣ?"

ಟೈಲರಿಗೆ ನಗು ಬಂತು. ಅತ್ತೆ ಅವಳತ್ತ ತಿರುಗಿ ಹೇಳಿದರು, "ಆಗ್ಲೂ ಸರಿಹೋಗ್ದಿದ್ರೆ ಡಾಕ್ಟರಿಗೆ ತೋರ್ಸೋಣ. ಅದ್ರಲ್ಲಿ ನಾಚಿಕೆ ಏನಿಲ್ಲ."

ಒಂದೇ ದಿನಕ್ಕೆ ಸರಿಹೋಗಲಿಲ್ಲ. ಕುರ್ಚಿಯಲ್ಲೂ ತೂಕಡಿಸಿದಳು. ಆದರೆ ಹಾಲಿನಲ್ಲಿ, ಮಿಷನ್ ಪಕ್ಕದಲ್ಲೇ, ಕ್ಯಾಮೆರಾ ಆನ್ ಮಾಡಿ ಕೂತಳು. ಕ್ಲಾಸ್ ಶುರುವಾದ ಕೂಡಲೇ ಅಪ್ಪ ಅಭ್ಯಾಸಬಲದಿಂದ ಪೆಡಲಿನಿಂದ ಕಾಲು ತೆಗೆದರು.

"ನಿಲ್ಲಿಸ್ಬೇಡ ಅಪ್ಪ. ಮೈಕ್ ಆಫ್ ಇದ್ರೆ ಯಾರಿಗೂ ಕೇಳಿಸಲ್ಲ."

"ಮೊದ್ಲೂ ಮೈಕ್ ಆಫೇ ಇರ್ತಿತ್ತಾ?"

ಅವಳು ತಲೆ ತಗ್ಗಿಸಿದಳು. "ಹೂಂ."

ಅಪ್ಪ ಪೆಡಲಿನ ಮೇಲೆ ಮತ್ತೆ ಕಾಲಿಟ್ಟು ಮಿಷನ್ ತುಳಿಯತೊಡಗಿದರು.

ಓದುವ ಮಕ್ಕಳೇ, ನಿಮಗಾಗಿ ಮನೆಯಲ್ಲಿ ಯಾರ ಕೆಲಸ ನಿಂತಿದೆ, ಒಮ್ಮೆ ಪರದೆ ಸರಿಸಿ ನೋಡಿ. ಇವತ್ತು ಮೊಬೈಲ್ ದೂರವಿಟ್ಟು ಮಲಗಿ. ನಿದ್ದೆ ಬಾರದಿದ್ದರೆ, ಓದಲು ಮನಸ್ಸೇ ಬಾರದಿದ್ದರೆ ಮುಚ್ಚಿಡಬೇಡಿ, ಮನೆಯವರಿಗೆ ಹೇಳಿ.