ಐದು ದಿನದ ಅಂದಾಜು

ಲಿಫ್ಟ್ ರಿಪೇರಿ ಮಾಡುವ ಅಪ್ಪನಿಗೆ ಕಂಪ್ಯೂಟರ್ ಒಗ್ಗಿದ್ದಲ್ಲ. ಕೋಳಿ ಕಾಳು ಹೆಕ್ಕಿದಂತೆ ಒಂದೇ ಬೆರಳಿನಲ್ಲಿ ಅಂಕಿ ಒತ್ತುತ್ತಿದ್ದ. ಪಕ್ಕದಲ್ಲಿ ಹತ್ತು ವರ್ಷದ ಮಗಳು ನೋಟ್‌ಬುಕ್ ಹಿಡಿದು ಓದಿ ಹೇಳುತ್ತಿದ್ದಳು. ಅಳಿಲಿನಂತೆ ನಿಂತಲ್ಲಿ ನಿಲ್ಲದವಳೆಂದು ಅಮ್ಮ ಅವಳನ್ನು ಇಣಚಿ ಎಂದೇ ಕರೆಯುತ್ತಿದ್ದಳು. ಅಮ್ಮ ತೀರಿಕೊಂಡು ಮೂರು ವಾರವಾಗಿತ್ತು. ಇಣಚಿ ಈಗ ಕೂತಲ್ಲೇ ಕೂರುತ್ತಿದ್ದಳು.

ಶಾಲೆಯ ವಿಜ್ಞಾನ ಪ್ರಯೋಗ: ತಾರಸಿಯ ಕುಂಡದಲ್ಲಿನ ಬೀನ್ಸ್ ಗಿಡವನ್ನು ಇಪ್ಪತ್ತು ದಿನ ಅಳೆಯಬೇಕು. ನಡುವೆ ಅಮ್ಮನ ಕಾಯಿಲೆ ಕೈಮೀರಿ, ಮಗಳನ್ನು ಐದು ದಿನ ಚಿಕ್ಕಮ್ಮನ ಮನೆಗೆ ಕಳಿಸಿದ್ದರು. "ನಿನ್ನ ಗಿಡ ನನ್ನ ಜವಾಬ್ದಾರಿ, ನೀ ಹೋಗೇ," ಎಂದಿದ್ದಳು ಅಮ್ಮ. ಆ ಐದು ಅಂಕಿಗಳು ಅವಳ ನಡುಗುವ ಅಕ್ಷರದಲ್ಲಿದ್ದವು. ಆರನೆಯ ದಿನ ಅಮ್ಮ ತೀರಿಕೊಂಡಳು. ಇಣಚಿ ವಾಪಸ್ ಬಂದವಳೇ, ಮನೆತುಂಬ ಜನರಿರುವಾಗ, ಸದ್ದಿಲ್ಲದೆ ಮೇಲೆ ಹತ್ತಿ ಗಿಡ ಅಳೆದಿದ್ದಳು.

ಅಪ್ಪ ಎಲ್ಲ ತುಂಬಿಸಿ ಗ್ರಾಫ್ ಒತ್ತಿದ. ಅಂಕುಡೊಂಕು ಗೆರೆ ಮೂಡಿತು. ನಡುವಿನ ಐದು ಚುಕ್ಕೆ ಮಾತ್ರ ಅಡಿಕೋಲಿಟ್ಟು ಎಳೆದಷ್ಟು ನೇರ. ಮರುದಿನವೇ ಆರು ಸೆಂಟಿಮೀಟರ್ ಜಿಗಿತ.

"ಅಪ್ಪಾ, ಅಮ್ಮಂದು ಮಾತ್ರ ದಿನಾ ಅರ್ಧರ್ಧ ಸೆಂಟಿಮೀಟರ್. ಗಿಡ ಹಾಗೆ ಬೆಳೆಯಲ್ವಲ್ಲ?"

ಅಪ್ಪ ಕೀಲಿಮಣೆಯಿಂದ ಬೆರಳು ತೆಗೆದ. ತಾರಸಿಗೆ ಹದಿನೆಂಟು ಮೆಟ್ಟಿಲು. ಬಚ್ಚಲಿಗೇ ಗೋಡೆ ಹಿಡಿದು ಹೋಗುತ್ತಿದ್ದವಳು ಹತ್ತುವುದೆಲ್ಲಿ ಬಂತು?

"ನಂಗೆ ಹೇಳಿದ್ಳು ಕಣೇ. ದಿನಾ ಬೆಳಿಗ್ಗೆ, 'ರೀ, ಒಂಚೂರು ಅಳೆದು ಬನ್ನಿ' ಅನ್ನೋಳು. ಹೊತ್ತಾಯ್ತು, ನಾಳೆ ನೋಡೋಣ ಅಂತಿದ್ದೆ. ಮಳೆ ಬಿತ್ತು, ಗಿಡ ಉಳೀತು, ಅಷ್ಟೇ."

"ಹಾಗಾದ್ರೆ ಅಮ್ಮ ಸುಳ್ಳು ಬರೆದ್ಳಾ?"

"ನಿಂಗೆ ಬೇಜಾರಾಗ್ಬಾರ್ದು ಅಂತ ಮಲಗಿದ್ದಲ್ಲೇ ಅಂದಾಜು ಹಾಕಿದ್ಳು. ತಪ್ಪು ನಂದು."

ಇಣಚಿ ಅವನ ಕಡೆ ನೋಡಲಿಲ್ಲ. "ಅಳೆಯದೇ ಇರೋದನ್ನ ಹಾಕಬಾರ್ದಂತೆ. ಟೀಚರ್ ಹೇಳಿದಾರೆ," ಎಂದು ಒಂದೊಂದೇ ಅಂಕಿ ಅಳಿಸತೊಡಗಿದಳು. ಐದನೆಯದಕ್ಕೆ ಬಂದಾಗ ಬೆರಳು ನಿಂತಿತು. ತಟ್ಟನೆ ತಿರುಗಿ ಎರಡೂ ಕೈಯಿಂದ ಅವನ ಎದೆಗೆ ಗುದ್ದಿದಳು. "ನಾಳೆ ಅಂತ ಯಾಕಂದೆ? ಯಾಕಂದೆ?" ಅವನು ತಡೆಯಲಿಲ್ಲ. ಗುದ್ದಿ ಗುದ್ದಿ ಸುಸ್ತಾಗಿ, ಅಲ್ಲೇ ಮುಖವಿಟ್ಟು ಅತ್ತಳು. ಅಮ್ಮ ಹೋದ ದಿನವೂ ಅತ್ತಿರಲಿಲ್ಲ.

ಆಮೇಲೆ ಉಳಿದ ಅಂಕಿಯನ್ನೂ ಅಳಿಸಿದಳು. ಗೆರೆ ನಡುವೆ ತುಂಡಾಯಿತು. ಪ್ರಿಂಟ್ ತೆಗೆದ ಹಾಳೆಯ ಕೆಳಗೆ ಪೆನ್ನಿನಲ್ಲಿ ಬರೆದಳು: 'ಐದು ದಿನ ಅಳೆದಿಲ್ಲ. ನಮ್ಮಮ್ಮನಿಗೆ ಹುಷಾರಿರಲಿಲ್ಲ.'

ಅಪ್ಪನ ತಪ್ಪಿನ ಸುದ್ದಿ ಎತ್ತಿರಲಿಲ್ಲ. ಅವನು ಎರಡು ಸಲ ಓದಿ, ಹಾಳೆಯನ್ನು ಮಡಿಸದೆ ಅವಳ ಚೀಲದಲ್ಲಿಟ್ಟ.