ಎರಡು ಸೆಲ್ಲಿನ ಜೀವ

ನಾನು ಒಂದು ಕಂಟ್ರೋಲರ್. ಟಿವಿಗೆ ಜೋಡಿಸಿ ಆಡುವ ವಿಡಿಯೊ ಗೇಮ್ ಪೆಟ್ಟಿಗೆಯನ್ನು ನೀವು ನೋಡಿರಬಹುದು. ಅದನ್ನು ಆಡಿಸಲು ಕೈಯಲ್ಲಿ ಹಿಡಿಯುವ ವಸ್ತು ನಾನು. ಎರಡು ಅಂಗೈಗಳ ನಡುವೆ ಕೂರುವಂಥ ಕಪ್ಪು ಮೈ, ಹೆಬ್ಬೆರಳಿಗೆ ಎರಡು ಗಿಡ್ಡ ಕಡ್ಡಿ, ಬಲಕ್ಕೆ ನಾಲ್ಕು ಗುಂಡಿ, ಭುಜಗಳ ಮೇಲೆ ಒಂದೊಂದು ಉದ್ದ ಗುಂಡಿ. ಬೆನ್ನಿನಲ್ಲಿ ಪುಟ್ಟ ಗೂಡೊಂದಿದೆ. ಅದರೊಳಗೆ ಎರಡು ಪೆನ್ಸಿಲ್ ಸೆಲ್ ಹಾಕಿದರೆ ನನಗೆ ಜೀವ. ಹಣೆಯ ಮೇಲೆ ಬಿಳಿ ದೀಪ ಹೊತ್ತಿತೆಂದರೆ ಜೀವ ಬಂತೆಂದು ಅರ್ಥ.

ಹುಟ್ಟಿದ್ದು ಕಡಲಾಚೆಯ ಕಾರ್ಖಾನೆಯಲ್ಲಿ. ಅಲ್ಲಿ ಒಬ್ಬ ಹೆಣ್ಣುಮಗಳು ನನ್ನ ಒಂದೊಂದು ಗುಂಡಿಯನ್ನೂ ಒತ್ತಿ ನೋಡಿದಳು. ಡಬ್ಬಿಗೆ ಹಾಕುವ ಮುಂಚೆ, ಮೈಮೇಲೆ ಉಳಿದಿದ್ದ ತನ್ನ ಬೆರಳ ಗುರುತನ್ನು ತೋಳಿನ ಬಟ್ಟೆಯಿಂದ ಒರೆಸಿದಳು. ಯಾರೂ ಅವಳಿಗೆ ಹಾಗೆ ಮಾಡೆಂದು ಹೇಳಿರಲಿಲ್ಲ. ಗೇಮ್ ಪೆಟ್ಟಿಗೆಯ ಜೊತೆಗೆ ಬರುವುದು ಒಂದೇ ಕಂಟ್ರೋಲರ್. ನನ್ನಂಥವರು ಬಿಡಿಯಾಗಿ ಮಾರಾಟವಾಗುವವರು, ಮನೆಯ ಎರಡನೆಯ ಆಟಗಾರರಿಗಾಗಿ.

ಮೊದಲ ಎರಡು ವರ್ಷ ಹುಬ್ಬಳ್ಳಿಯ ಒಂದು ಗೇಮ್ ಪಾರ್ಲರಿನಲ್ಲಿ ಕಳೆದೆ. ಕಾಲೇಜು ಹುಡುಗರು ಸೋತರೆ ನನ್ನನ್ನು ಕುರ್ಚಿಗೆ ಕುಟ್ಟುತ್ತಿದ್ದರು, ಗೆದ್ದರೆ ಮುತ್ತಿಡುತ್ತಿದ್ದರು. ಪಾರ್ಲರಿನ ಮಾಲೀಕ ವಿಲಾಸ ದಿನಾ ಬಾಗಿಲು ಹಾಕುವ ಮುಂಚೆ ನಮ್ಮನ್ನೆಲ್ಲ ಒದ್ದೆ ಬಟ್ಟೆಯಿಂದ ಒರೆಸಿ ಸಾಲಾಗಿ ಮಲಗಿಸುತ್ತಿದ್ದ. ಅಂಗಡಿ ಮುಚ್ಚಬೇಕಾಗಿ ಬಂದು ನನ್ನನ್ನು ಮಾರಿದ ದಿನವೂ ಒರೆಸಿದ. ಹಳೆಯ ಸೆಲ್ ತೆಗೆದು ಹೊಸದು ಹಾಕಿಕೊಟ್ಟ.

ನನ್ನನ್ನು ಕೊಂಡವನು ಚನ್ನವೀರ. ರೈಲು ಓಡಿಸುವ ಲೋಕೊ ಪೈಲಟ್. ರೈಲ್ವೆ ಕ್ವಾರ್ಟರ್ಸಿನಲ್ಲಿ ಮನೆ. ಆಟದಲ್ಲಿ ಬಲು ಚುರುಕು. ಅವನ ಹೆಬ್ಬೆರಳುಗಳಿಗೆ ಕಣ್ಣಿದ್ದವೆನ್ನಬೇಕು. ಪೆಟ್ಟಿಗೆಯೂ ಒಂದು ಕಂಟ್ರೋಲರೂ ಅವನ ಬಳಿ ಮೊದಲೇ ಇದ್ದವು. ನನ್ನನ್ನು ತಂದದ್ದು ಹೆಂಡತಿ ನೀಲಗಂಗಾಳಿಗಾಗಿ.

ಮದುವೆಯಾಗಿ ನಾಲ್ಕು ತಿಂಗಳಾಗಿತ್ತು. ಅವನು ಒಮ್ಮೆ ಬೆಳಗಿನ ಐದಕ್ಕೆ ಹೋಗುವನು, ಒಮ್ಮೆ ಮಧ್ಯಾಹ್ನ ಬರುವನು, ಬಂದರೆ ಮಲಗುವನು. ಎಚ್ಚರವಾಗಿ ಇಬ್ಬರೂ ಒಟ್ಟಿಗೆ ಇರುತ್ತಿದ್ದುದು ವಾರಕ್ಕೆ ನಾಲ್ಕೈದು ಸಂಜೆ, ನಾಲ್ಕರಿಂದ ಆರರವರೆಗೆ. ಆಗಲೂ ಮಾತು ಊಟ, ನೀರು, ಸಿಲಿಂಡರಿನ ಸುತ್ತ ತಿರುಗಿ ಮುಗಿದುಹೋಗುತ್ತಿತ್ತು. ನೀಲಗಂಗಾ ಕಸೂತಿ ಹಾಕುವವಳು. ಸೀರೆಯ ಸೆರಗಿನ ಮೇಲೆ ಎಳೆ ಎಣಿಸಿ ಗೋಪುರ, ತೇರು, ಆನೆ ಮೂಡಿಸುವಳು. ಕಿಟಕಿಯ ಬಳಿ ಅವಳು, ಟಿವಿಯ ಮುಂದೆ ಅವನು. ನಡುವೆ ಒಂದು ಚಾಪೆಯಷ್ಟು ಜಾಗ.

ಆ ಜಾಗ ತುಂಬಲೆಂದು ಅವನು ನನ್ನನ್ನು ತಂದ. ಅದೊಂದೇ ಕಾರಣಕ್ಕೆ ನಾನು ಅವನನ್ನು ಇಂದಿಗೂ ಮೆಚ್ಚುತ್ತೇನೆ, ಮುಂದೆ ಅವನು ಮಾಡಿದ ತಪ್ಪನ್ನು ಬಲ್ಲವನಾಗಿಯೂ.

ಮೊದಲು ಕಾರಿನ ಪಂದ್ಯ ಹಾಕಿದ. ಅವನು ಮೂರು ಸುತ್ತು ಮುಗಿಸುವಷ್ಟರಲ್ಲಿ ಅವಳ ಕಾರು ಇನ್ನೂ ಗೋಡೆಗೆ ಮೂತಿ ಒತ್ತಿ ನಿಂತಿತ್ತು. ಗುದ್ದಾಟದ ಆಟ ಹಾಕಿದ. "ಗಂಡಗ ಗುದ್ದೂದು ಹ್ಯಾಂಗ್ರೀ," ಎಂದು ಅವಳು ನನ್ನನ್ನು ಮಡಿಲಿಗಿಟ್ಟುಕೊಂಡು ಕುಳಿತಳು. ಕೊನೆಗೆ ಇಬ್ಬರೂ ಒಂದೇ ಪಕ್ಷದಲ್ಲಿರುವ ಆಟ ಸಿಕ್ಕಿತು. ಕಮರಿಗಳನ್ನು ಜಿಗಿಯುತ್ತ ಕೋಟೆ ಸೇರಬೇಕು. ಅವಳು ಪ್ರತಿ ಕಮರಿಗೂ ಬಿದ್ದಳು. ಬಿದ್ದಾಗೆಲ್ಲ, "ತಪ್ಪಾತ್ರೀ," ಎಂದಳು.

"ಕೊಡಿಲ್ಲಿ, ನಾ ದಾಟಸ್ತೀನಿ," ಎಂದು ಅವನು ನನ್ನನ್ನು ಕಿತ್ತುಕೊಂಡು ದಾಟಿಸಿ ಮತ್ತೆ ಅವಳ ಕೈಗಿಡುತ್ತಿದ್ದ. ಒಂದು ಸಂಜೆಯಲ್ಲಿ ಅವಳು ಹತ್ತೊಂಬತ್ತು ಸಲ ತಪ್ಪಾತು ಎಂದಳು. ಎಣಿಸಿದವನು ನಾನು.

ಮರುದಿನ ಅವಳು ತರಕಾರಿಗೆ ಹೋಗಿದ್ದಾಗ ಚನ್ನವೀರ ನನ್ನ ಬೆನ್ನಿನ ಮುಚ್ಚಳ ತೆಗೆದ. ಎರಡೂ ಸೆಲ್ ಹೊರತೆಗೆದು, ಬಾಗಿಲ ಮೇಲೆ ಎಷ್ಟೋ ದಿನದಿಂದ ನಿಂತಿದ್ದ ಗಡಿಯಾರಕ್ಕೆ ಒಂದನ್ನು ಹಾಕಿದ, ಇನ್ನೊಂದನ್ನು ಅದರ ತಲೆಯ ಮೇಲಿಟ್ಟ. ಸಂಜೆ ಒಬ್ಬರೇ ಆಡುವ ಆಟವೊಂದನ್ನು ಹಚ್ಚಿದ. ಅದರಲ್ಲಿ ನಾಯಕನ ಜೊತೆ ಹಳದಿ ಅಂಗಿಯ ಗೆಳತಿಯೊಬ್ಬಳು ತಾನಾಗಿಯೇ ಓಡುತ್ತಾಳೆ, ಯಂತ್ರವೇ ಅವಳನ್ನು ನಡೆಸುತ್ತದೆ.

"ಹಳದಿ ಅಂಗಿಯಾಕಿ ನೀನ," ಎಂದ.

"ಇದರ ದೀಪ ಹತ್ತವಲ್ದಲ್ರೀ."

"ದೀಪ ಕೆಟ್ಟೈತಿ. ನೀ ಆಡು."

ನೀಲಗಂಗಾ ಆಡಿದಳು. ನನ್ನ ಗುಂಡಿಗಳನ್ನು ಉಸಿರು ಬಿಗಿಹಿಡಿದು ಒತ್ತಿದಳು. ಹಳದಿ ಅಂಗಿಯವಳು ಕಮರಿ ದಾಟಿದಳು. "ಭಾಳ ಛಲೋ ಜಿಗಿದಿ ನೋಡು," ಎಂದು ಚನ್ನವೀರ ಹೇಳಿದಾಗ ಅವಳ ಅಂಗೈ ಬೆಚ್ಚಗಾದುದು ನನಗೆ ತಿಳಿಯಿತು. ಅಂದು ತಾಯಿಗೆ ಫೋನ್ ಮಾಡಿ, "ಯವ್ವಾ, ಇವತ್ತ ನಾ ಒಂದು ಸಲನೂ ಬೀಳಲಿಲ್ಲ," ಎಂದಳು. ನಡೆಯತೊಡಗಿದ ಗಡಿಯಾರವನ್ನೂ ಹೊಗಳಿದಳು. ನಾನು ಜೀವವಿಲ್ಲದೆ ಅವಳ ಮಡಿಲಲ್ಲಿದ್ದೆ. ಸುಳ್ಳಿಗೆ ಕೈಯಾಗಿ ಕೂರುವುದು ಎಷ್ಟು ಭಾರವೆಂದು ಆಗ ಅರಿತೆ.

ಮೂರನೆಯ ದಿನ ಒಲೆಯ ಮೇಲೆ ಹಾಲು ಉಕ್ಕಿತು. ನನ್ನನ್ನು ಚಾಪೆಯ ಮೇಲಿಟ್ಟು ಅಡುಗೆಮನೆಗೆ ಓಡಿದಳು. ಬಾಗಿಲಲ್ಲಿ ನಿಂತು, ತಾನು ಬಿದ್ದೆನೇನೋ ಎಂದು ತಿರುಗಿ ನೋಡಿದಳು. ಹಳದಿ ಅಂಗಿಯವಳು ಕಮರಿಯನ್ನು ಚೆಂದಾಗಿ ಜಿಗಿದು ಆಚೆ ನಿಂತಿದ್ದಳು.

ಒಲೆ ಆರಿಸಿ ಬಂದಳು.

"ನಾ ಒಳಗಿದ್ದೆ. ಅಕಿ ಹ್ಯಾಂಗ ಜಿಗಿದ್ಲು?"

ಅವಳು ನನ್ನನ್ನು ಬೋರಲು ಹಾಕಿ ಬೆನ್ನಿನ ಮುಚ್ಚಳ ತೆಗೆದಳು. ಖಾಲಿ ಗೂಡು. ಚನ್ನವೀರನ ಕಣ್ಣು ತಾನಾಗಿ ಗಡಿಯಾರದ ಕಡೆ ಹೋಯಿತು. ಅವಳ ಕಣ್ಣೂ ಹೋಯಿತು.

"ನೀ ಬಿದ್ದಾಗೆಲ್ಲಾ ತಪ್ಪಾತು ತಪ್ಪಾತು ಅಂತಿದ್ದಿ. ನನಗ ಕೇಳಾಕ ಆಗ್ತಿರಲಿಲ್ಲ, ನೀಲಾ. ಅದಕ್ಕ ಹಿಂಗ ಮಾಡಿದೆ."

"ಚಪಾತಿ ಮಾಡುವಾಗ ಕೂಸು ಹಟ ಮಾಡಿದ್ರ ಒಂದು ಹಿಟ್ಟಿನ ಉಂಡಿ ಕೊಟ್ಟು ಕುಂಡ್ರಸ್ತಾರ. ನನಗೂ ಹಂಗ ಕೊಟ್ರಿ." ಅವಳ ದನಿ ಏರಲಿಲ್ಲ. "ಕಸೂತಿಯೊಳಗ ಎಳಿ ತಪ್ಪಿದ್ರ ನಾನ ಬಿಚ್ಚತೀನಿ, ನಾನ ಹಾಕತೀನಿ. ಯಾರರೆ ಬಂದು ನನ್ನ ಸೂಜಿ ಕಸಗೊಂಡು ಹಾಕಿದ್ರ ಅದು ನನ್ನ ಸೆರಗು ಹ್ಯಾಂಗ ಆಗ್ತೈತಿ?"

ಮುಚ್ಚಳ ಹಾಕಿ ನನ್ನನ್ನು ಶೆಲ್ಫಿನ ಮೇಲೆ ನೂಲಿನ ಡಬ್ಬಿಯ ಪಕ್ಕದಲ್ಲಿಟ್ಟಳು. ಮತ್ತೆ ಮೂರು ವಾರ ಯಾರೂ ನನ್ನನ್ನು ಮುಟ್ಟಲಿಲ್ಲ.

ಆ ಮೂರು ವಾರ ಮನೆಯಲ್ಲಿ ಜಗಳವೇ ಇರಲಿಲ್ಲ. ಅವನು ಚಹಾ ಮಾಡಿ ಅವಳ ಪಕ್ಕಕ್ಕಿಡುತ್ತಿದ್ದ. "ಛಲೋ ಆಗೇತ್ರಿ," ಎಂದು ಅವಳು ಬಿಗಿ ಮರ್ಯಾದೆಯಿಂದ ಹೇಳುತ್ತಿದ್ದಳು. ನಾಗರ ಪಂಚಮಿ ಹತ್ತಿರ ಬರುತ್ತಿತ್ತು. ಹೊಸ ಮದುಮಗಳು ಆ ಹಬ್ಬಕ್ಕೆ ತವರಿಗೆ ಹೋಗುವುದು ಪದ್ಧತಿ. ಎಷ್ಟು ದಿನ ಎಂದು ಅವನು ಕೇಳಿದ.

"ಒಂದು ತಿಂಗಳು ಇರ್ತೀನಿ. ಇಲ್ಲಿ ನನ್ನ ಕೈಗೆ ಏನು ಕೆಲಸ ಐತಿ?"

ಆ ಮಾತಿನ ಕೆಳಗಿನ ಮಾತು ಅವನಿಗೂ ತಿಳಿಯಿತು, ಶೆಲ್ಫಿನ ಮೇಲಿದ್ದ ನನಗೂ ತಿಳಿಯಿತು.

ಅದೇ ವಾರ ದಾದಾಪೀರ ಮನೆಗೆ ಬಂದ. ಎಂಜಿನ್ನಿನಲ್ಲಿ ಚನ್ನವೀರನ ಪಕ್ಕ ಕೂರುವ ಸಹಾಯಕ ಅವನು, ನಗೆಯ ಮನುಷ್ಯ. ನೀಲಗಂಗಾ ಇಬ್ಬರಿಗೂ ಒಗ್ಗರಣೆ ಅವಲಕ್ಕಿ ತಂದಿಟ್ಟಳು.

"ವೈನಿ, ಗಾಡಿ ಇವರು ಓಡಸ್ತಾರ, ಒದರೂದು ನನ್ನ ಕೆಲಸ," ಎಂದ ದಾದಾಪೀರ. "ಸಿಗ್ನಲ್ ಕಂಡ್ರ ನಾ ಹಸರು ಅನ್ನಬೇಕು, ಇವರು ತಿರುಗಿ ಹಸರು ಅನ್ನಬೇಕು. ಇಬ್ಬರ ಕಣ್ಣಿಗೂ ಕಂಡೈತಿ ಖರೆ, ಆದ್ರೂ ಅನ್ನಾಕ ಬೇಕು. ನಿಮ್ಮ ಯಜಮಾನರು ಮನ್ಯಾಗೂ ಹಿಂಗ ತಿರುಗಿ ಹೇಳ್ತಾರೇನ್ರಿ?"

"ಮನ್ಯಾಗ ಹೇಳೂದಷ್ಟ. ತಿರುಗಿ ಹೇಳೂದಿಲ್ಲ," ಎಂದಳು ನೀಲಗಂಗಾ. ಆಮೇಲೆ ತಟ್ಟೆಗೆ ಇನ್ನಷ್ಟು ಬಡಿಸುತ್ತ ಕೇಳಿದಳು: "ದಾದಾಪೀರಣ್ಣ, ನಿಮ್ಮ ಕಡೆ ಬ್ರೇಕ್ ಐತೋ ಇಲ್ಲೋ?"

"ಐತ್ರಿ. ಎಡವಟ್ಟಾದ್ರ ಹಿಡಿಯಾಕ ನನ್ನ ಬಾಜೂಕ ಒಂದು ಐತಿ."

"ಖರೇನ ಹಿಡೀತೈತೋ, ಹೆಸರಿಗಷ್ಟ ಇಟ್ಟಾರೋ?"

ದಾದಾಪೀರ ನಕ್ಕ. "ಹೆಸರಿಗಷ್ಟ ಇದ್ರ ನಾ ಆ ಗಾಡಿ ಹತ್ತಂಗಿಲ್ರಿ ವೈನಿ."

ಚನ್ನವೀರನ ಕೈಯಲ್ಲಿದ್ದ ಚಮಚ ತಟ್ಟೆಗೆ ಹೋಗಲಿಲ್ಲ, ಬಾಯಿಗೂ ಹೋಗಲಿಲ್ಲ.

ನಾಲ್ಕು ದಿನ ಕಳೆದು, ಡ್ಯೂಟಿಯಿಂದ ಬಂದವನು ಮಲಗಲಿಲ್ಲ. ಕಿಟಕಿಯ ಬಳಿಗೆ ಹೋಗಿ ನಿಂತ.

"ನೀಲಾ, ಹನ್ನೊಂದು ಆಟ ನೋಡೀನಿ. ಎಲ್ಲಾದರಾಗೂ ಛಲೋ ಆಡಾವ ಮುಂದ ಹೋಗ್ತಾನ, ಆಡಾಕ ಬರದಾವ ಹಿಂದ ಉಳೀತಾನ. ಒಂದ ಒಂದರಾಗ ಹಂಗಿಲ್ಲ. ಇಬ್ಬರಿಗೂ ಒಂದ ಹಗ್ಗ ಕಟ್ಟಿರ್ತಾರ. ಗುಡ್ಡ ಹತ್ತೂದು. ಒಬ್ಬಾವ ಜಿಗಿಯುವಾಗ ಇನ್ನೊಬ್ಬಾವ ಕಲ್ಲು ಗಟ್ಟಿ ಹಿಡಕೊಂಡು ನಿಲ್ಲಬೇಕು. ಹಿಡಿಲಿಲ್ಲಂದ್ರ ಇಬ್ಬರೂ ಕೆಳಗ."

"ಹಿಡಿಯಾಕ ಏನ್ ಬರಬೇಕು?"

"ಅವಸರ ಮಾಡಬಾರದು. ಅದು ನನಗ ಬರಂಗಿಲ್ಲ."

ಸ್ಟೂಲ್ ಹತ್ತಿ ಗಡಿಯಾರದ ಸೆಲ್ ತೆಗೆದ. ತಲೆಯ ಮೇಲಿದ್ದದ್ದನ್ನೂ ತೆಗೆದ. ಮುಳ್ಳುಗಳು ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ನಿಂತವು. ಎರಡನ್ನೂ ಅವಳ ಅಂಗೈಯಲ್ಲಿಟ್ಟ.

"ನಾ ತಪ್ಪು ಮಾಡಿದೆ. ನೀನ ಹಾಕು."

ಅವಳು ನನ್ನನ್ನು ಶೆಲ್ಫಿನಿಂದ ಇಳಿಸಿಕೊಂಡು, ಸೂಜಿಗೆ ದಾರ ಪೋಣಿಸುವಷ್ಟು ಜೋಪಾನವಾಗಿ ಸೆಲ್ಲುಗಳನ್ನು ಒಂದೊಂದಾಗಿ ಹಾಕಿದಳು. ನನ್ನ ಹಣೆಯ ದೀಪ ಹೊತ್ತಿತು. ಆ ದಿನವನ್ನೇ ನಾನು ನನ್ನ ಹುಟ್ಟುಹಬ್ಬವೆಂದು ಎಣಿಸುತ್ತೇನೆ.

ಮೊದಲ ದಿನ ಇಬ್ಬರೂ ಹದಿನಾಲ್ಕು ಸಲ ಬಿದ್ದರು. ಅದರಲ್ಲಿ ಒಂಬತ್ತು ಸಲ ಅವನದೇ ತಪ್ಪು; ಅವಳು ಹಿಡಿಯುವ ಮುಂಚೆಯೇ ಜಿಗಿದುಬಿಡುತ್ತಿದ್ದ. ಅವಳು ಎಡವಿದಾಗ ಅವನ ಕೈ ಹಳೆಯ ಚಾಳಿಯಿಂದ ನನ್ನತ್ತ ಬಂತು. ಅರ್ಧದಲ್ಲೇ ನಿಂತಿತು. ಆ ಕೈಯನ್ನು ಅವನು ತನ್ನ ತೊಡೆಯ ಕೆಳಗೆ ಒತ್ತಿಕೊಂಡು ಕುಳಿತದ್ದನ್ನು ಕಂಡೆ. ಎಷ್ಟೋ ದೊಡ್ಡ ಆಟಗಾರರನ್ನು ಪಾರ್ಲರಿನಲ್ಲಿ ನೋಡಿದ್ದೆ. ಅವರಲ್ಲಿ ಯಾರೂ ಅಷ್ಟು ಕಷ್ಟದ ಆಟ ಆಡಿರಲಿಲ್ಲ.

"ಗಾಡಿಯೊಳಗಿನ ಹಂಗ ಮಾಡೂಣ್ರಿ," ಎಂದಳು ನೀಲಗಂಗಾ. "ಹಿಡದೀನಿ ಅಂತ ನಾ ಅಂತೀನಿ. ನೀವು ತಿರುಗಿ ಅನ್ರಿ. ಆಮ್ಯಾಲ ಜಿಗೀರಿ."

ಅವಳು ನನ್ನ ಬಲಭುಜದ ಗುಂಡಿ ಒತ್ತಿ ಹಿಡಿದಳು. "ಹಿಡದೀನಿ."

"ಹಿಡದಿ."

ಜಿಗಿದ. ಕಾಲು ಜಾರಿತು. ಹಗ್ಗ ಬಿಗಿದು, ಅವನು ಪ್ರಪಾತದ ಮೇಲೆ ತೂಗಾಡಿದ. ನಾನು ಗಡಗಡ ನಡುಗಿದೆ; ಆಟದಲ್ಲಿ ಪೆಟ್ಟು ಬಿದ್ದಾಗ ನಡುಗುವಂತೆಯೇ ನನ್ನನ್ನು ಮಾಡಿದ್ದಾರೆ. ಅವಳ ಬೆರಳು ಮಾತ್ರ ಅಲುಗಲಿಲ್ಲ. ಸಾವಿರ ಎಳೆ ಎಣಿಸಿ ದಾರಿ ತಪ್ಪದ ಬೆರಳು ಅದು. ಅವನು ತೂಗಿ ತೂಗಿ ಮೇಲಿನ ಕಲ್ಲಿಗೆ ತಾಗಿದ.

"ನೀ ಇರಲಿಲ್ಲಂದ್ರ ನಾ ಹೋಗಿದ್ದೆ."

"ಖರೇನ?"

"ಸಂಶಯ ಇದ್ರ ಸೆಲ್ ತಗದು ನೋಡು."

ತಮಾಷೆಗೆ ಅಂದಿದ್ದ. ಮುಂದಿನ ಬಂಡೆಯ ಬಳಿ ಅವನು ಅರ್ಧ ಗಾಳಿಯಲ್ಲಿರುವಾಗ ನೀಲಗಂಗಾ ಮುಚ್ಚಳ ಸರಿಸಿ ನಿಜಕ್ಕೂ ಒಂದು ಸೆಲ್ ಕಿತ್ತಳು. ನನ್ನ ದೀಪ ಆರಿತು. ಪರದೆಯ ಮೇಲೆ ಅವಳ ಹಿಡಿತ ಸಡಿಲಿ, ಇಬ್ಬರೂ ಉರುಳುರುಳಿ ಗುಡ್ಡದ ಬುಡಕ್ಕೆ ಬಂದು ಬಿದ್ದರು. ಒಂದು ತಾಸಿನ ಶ್ರಮ ನೀರುಪಾಲು.

"ಈಗ ಖರೆ ಅನಸ್ತು," ಎಂದು ನಕ್ಕಳು. ಅವನು ಚಾಪೆಯ ಮೇಲೆ ಅಂಗಾತ ಬಿದ್ದು ನಕ್ಕ. ಆ ಮನೆಯಲ್ಲಿ ಅಂಥ ನಗು ನಾನು ಕೇಳಿದ್ದು ಅದೇ ಮೊದಲು.

ಪಂಚಮಿಗೆ ಅವಳು ತವರಿಗೆ ಹೋದಳು. ಐದು ದಿನ ಇದ್ದು, ಹಬ್ಬದ ಉಂಡಿ ಕಟ್ಟಿಕೊಂಡು ಬಂದಳು. "ಗುಡ್ಡದ ಮ್ಯಾಲ ಒಬ್ಬರ ಕೂತಿದ್ರಲ್ಲ, ಅದಕ್ಕ ಬಂದೆ," ಎಂದಳು. ಗಡಿಯಾರಕ್ಕೆ ಹೊಸ ಸೆಲ್ ಸಿಕ್ಕಿದ್ದೂ ಆಗಲೇ.

ಅಲ್ಲಿಂದ ಮುಂದೆ ಎಷ್ಟು ಗುಡ್ಡ ಹತ್ತಿದರೋ ಲೆಕ್ಕವಿಲ್ಲ. ಆಟ ಶುರು ಮಾಡುವ ಮುಂಚೆ ಪ್ರತಿ ಸಲವೂ ಅವಳು ಒಂದು ಗುಂಡಿ ಒತ್ತಿ, ಪರದೆಯ ಮೇಲೆ ತನ್ನ ಗೊಂಬೆ ಜಿಗಿಯಿತೇ ಎಂದು ನೋಡುವಳು. "ಜೀವ ಐತಿ," ಎನ್ನುವಳು. "ಐತಿ," ಎಂದು ಅವನು ತಿರುಗಿ ಹೇಳುವನು. ಅವಳು ಅವನಷ್ಟು ಚುರುಕು ಆಗಲೇ ಇಲ್ಲ, ಆಗಬೇಕಾಗಿಯೂ ಇರಲಿಲ್ಲ. ಆಡುತ್ತ ಆಡುತ್ತ ಸಿಗ್ನಲ್ಲಿನ ಕೆಂಪನ್ನು ದೂರದಿಂದ ಕಾಣುವಾಗಿನ ಭಯದ ಬಗ್ಗೆ ಅವನು ಹೇಳಿದ. ಕಸೂತಿಗೆ ಗಂಟು ಹಾಕದೆ ಎಳೆ ನಿಲ್ಲಿಸುವುದು ಹೇಗೆಂದು ಅವಳು ಹೇಳಿದಳು.

ಹಿಡಿದು ಹಿಡಿದು ನನ್ನ ಬಲಭುಜದ ಗುಂಡಿ ಸವೆಯಿತು. ಒಮ್ಮೆ ಮೊಬೈಲ್ ರಿಪೇರಿಯವನು ಸಣ್ಣ ಸ್ಪ್ರಿಂಗ್ ಹಾಕಿಕೊಟ್ಟ. ಎರಡನೆಯ ಸಲ ಕೆಟ್ಟಾಗ, ಒತ್ತಿದ ಗುಂಡಿ ಮೇಲೇಳಲೇ ಇಲ್ಲ, ಆಮೇಲೆ ದೀಪವೂ ಹೊತ್ತಲಿಲ್ಲ. ಮನೆಗೆ ಹೊಸ ಕಂಟ್ರೋಲರ್ ಬಂತು. ನನ್ನನ್ನು ಎಸೆಯಲು ನೀಲಗಂಗಾ ಬಿಡಲಿಲ್ಲ, ನೂಲಿನ ಡಬ್ಬಿಯಲ್ಲಿಟ್ಟಳು. ಸೆಲ್ಲಿನ ಗೂಡಿನಲ್ಲಿ ಈಗ ಕೆಂಪು ರೇಷ್ಮೆ ಎಳೆಯ ಒಂದು ಸುರುಳಿ ಇದೆ.

ಮೊನ್ನೆ ಒಂದು ಸಂಜೆ ಅವರ ನಾಲ್ಕು ವರ್ಷದ ಮಗಳು ಇಂಚರಾ, ತಾನೂ ಗುಡ್ಡ ಹತ್ತುತ್ತೇನೆಂದು ಹಟ ಹಿಡಿದಳು. ಚನ್ನವೀರ ಡಬ್ಬಿಗೆ ಕೈ ಹಾಕಿ ನನ್ನನ್ನು ತೆಗೆದು ಮಗಳ ಕೈಗಿಟ್ಟ. "ತಗೋ, ನೀನೂ ಆಡು."

"ರೀ," ಎಂದಳು ನೀಲಗಂಗಾ. ಅಷ್ಟೇ.

ಅವನು ನನ್ನ ಆರಿದ ಹಣೆಯನ್ನು ನೋಡಿದ. "ಮರತಿದ್ದೆ," ಎಂದ ಮೆಲ್ಲಗೆ.

ಅವಳು ಮಗುವಿನ ಕೈಯಿಂದ ನನ್ನನ್ನು ತೆಗೆದುಕೊಂಡು ತನ್ನ ಜೀವವಿರುವ ಕಂಟ್ರೋಲರನ್ನು ಕೊಟ್ಟಳು.

"ಬೀಳ್ತಾಳ, ನೀಲಾ."

"ಬೀಳ್ಲಿ. ನಾ ಬಿದ್ದಿಲ್ಲೇನು?"

ಇಂಚರಾ ಬಿದ್ದಳು, ತಂದೆಯನ್ನೂ ಬೀಳಿಸಿದಳು. ಮತ್ತೆ ಬಿದ್ದಳು. ನಡುವೆ ತಾಯಿಯ ಕಡೆ ತಿರುಗಿ, "ಅವ್ವಾ, ನಿಂದು ನಡಿತೈತೇನು?" ಎಂದು ಕೇಳಿದಳು.

"ಇಲ್ಲ. ಇದಕ್ಕ ವಯಸ್ಸಾಗೇತಿ. ಕೂತು ನೋಡತೈತಿ. ನಾ ನೋಡಿ ಹೇಳ್ತೀನಿ, ನೀ ಹಿಡಿ."

ಹಿಂದೊಮ್ಮೆಯೂ ನಾನು ಜೀವವಿಲ್ಲದೆ ಇದೇ ಕೈಗಳಲ್ಲಿದ್ದೆ. ಅಂದು ಅವಳಿಗೆ ಅದು ಗೊತ್ತಿರಲಿಲ್ಲ. ಇಂದು ಗೊತ್ತಿದ್ದೂ ಹಿಡಿದಿದ್ದಳು. ಅವಳ ತೋರುಬೆರಳು ತಾನಾಗಿಯೇ ನನ್ನ ಬಲಭುಜದ ಸವೆದ ಗುಂಡಿಯನ್ನು ಹುಡುಕಿಕೊಂಡು ಅಲ್ಲಿ ಕೂತಿತ್ತು.

"ಹಿಡದೀನಿ," ಎಂದಿತು ಮಗು.

"ಹಿಡದಿ," ಎಂದ ಚನ್ನವೀರ. ಜಿಗಿಯುವ ಮುಂಚೆ ಒಂದು ಗಳಿಗೆ ಕಾಯ್ದ.