ಹಾಸಿಗೆಯವನಿಗೊಂದು ಹೆಣ್ಣು

ಹಿತ್ತಲ ಬಿಸಿಲಿನಲ್ಲಿ ಹಳೆಯ ಹಾಸಿಗೆಯನ್ನು ಮಗುಚಿ ಹಾಕಿಕೊಂಡು ಹಾಸಿಗೆಯವನು ಅದರ ಅಂಚಿನ ಹೊಲಿಗೆ ಕತ್ತರಿಸುತ್ತಿದ್ದಾಗ, ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದ ನರ್ಸಮ್ಮ ಇದ್ದಕ್ಕಿದ್ದಂತೆ ಕೇಳಿದರು, "ನಿನಗೆ ಈಗ ಎಷ್ಟು ವಯಸ್ಸಾಯ್ತೋ?"

"ಅರವತ್ತು ದಾಟ್ತಮ್ಮ."

"ಹಾಗಾದ್ರೆ ಐವತ್ತೈದರವಳು ಸಿಕ್ಕಿದ್ರೂ ಆಗುತ್ತೆ ಅಂತ ಕೇಳ್ತೀನಿ," ಎಂದು ಅವರು ಕಣ್ಣು ಮುಚ್ಚಿದರು.

ಹಾಸಿಗೆಯವನು ಒಳಗೊಳಗೇ ನಕ್ಕು ಕತ್ತರಿ ಆಡಿಸಿದ. ಯಾರನ್ನು ಕೇಳುವುದು, ಏನನ್ನು ಕೇಳುವುದು ಎಂದು ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಇವನಿಗೊಬ್ಬ ಹೆಂಡತಿಯನ್ನು ಕೊಡು ಎಂದು ನರ್ಸಮ್ಮ ದೇವರ ಬೆನ್ನು ಬಿದ್ದು ಮೂವತ್ತು ವರ್ಷಕ್ಕೂ ಮೇಲಾಗಿತ್ತು.

ಆಗ ಹಾಗೆ ಬೇಡುವ ಹೆಂಗಸರು ಮೂವರಿದ್ದರು. ಬುಧವಾರ ಸಂಜೆ ಚರ್ಚಿನ ಪಕ್ಕದ ಸಣ್ಣ ಕೋಣೆಯಲ್ಲಿ ಪ್ರಾರ್ಥನಾ ಕೂಟ. ಅಂಗಡಿ ಮುಚ್ಚಿ, ಮುಖ ತೊಳೆದು ಹೋಗಿ ಅವನು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ. ಊರವರ ಜ್ವರ, ಪರೀಕ್ಷೆ, ಬಾಡಿಗೆ ಮನೆ ಎಲ್ಲ ಮುಗಿದ ಮೇಲೆ ಅವನ ಸರದಿ ಬರುತ್ತಿತ್ತು. ಟೀಚರಮ್ಮ ಪಾಠ ಒಪ್ಪಿಸುವ ಹಾಗೆ, "ಓದು ಬರಹ ಬಲ್ಲವಳಾಗಿರಲಿ ಕರ್ತನೇ, ಹಾಡಲು ಬಂದರೆ ಇನ್ನೂ ಮೇಲು" ಎನ್ನುತ್ತಿದ್ದರು. ದರ್ಜಿಯ ಹೆಂಡತಿ, "ಸ್ವಲ್ಪ ಬಾಯಿ ಇರೋಳನ್ನೇ ಕೊಡು ಸ್ವಾಮಿ, ಇವನು ಮೊದಲೇ ಬಾಯಿ ಸತ್ತವನು" ಎಂದು ತಿದ್ದುತ್ತಿದ್ದರು. ನರ್ಸಮ್ಮ ಮಾತ್ರ ವರ್ಷವೆಲ್ಲ ಒಂದೇ ಮಾತಿಗೆ ಜೋತುಬಿದ್ದಿದ್ದರು: ಹುಡುಗಿಗೆ ಮೈಯಲ್ಲಿ ರಕ್ತ ಕಡಿಮೆ ಇರಬಾರದು.

ವರ್ಷ ಕಳೆದ ಹಾಗೆಲ್ಲ ಮೂವರೂ ಚೌಕಾಸಿಗೆ ಇಳಿದರು. ಹಾಡು ಬಿಟ್ಟರು, ಓದು ಬಿಟ್ಟರು. ವಿಧವೆಯಾದರೂ ಪರವಾಗಿಲ್ಲ ಎಂದರು. ಒಂದೆರಡು ಮಕ್ಕಳಿದ್ದರೂ ಇವನು ಸಾಕಿಕೊಳ್ಳುತ್ತಾನೆ ಎಂದು ಅವನನ್ನು ಕೇಳದೆಯೇ ದೇವರಿಗೆ ಮಾತು ಕೊಟ್ಟರು. ಹೊಸದಾಗಿ ಬಂದ ಪಾಸ್ಟರ್ ಒಬ್ಬರು ಮೆಲ್ಲಗೆ, "ಈ ವಿಷಯವನ್ನು ಇನ್ನು ದೇವರ ಚಿತ್ತಕ್ಕೆ ಬಿಟ್ಟುಬಿಡೋಣವೇ?" ಎಂದಾಗ ಟೀಚರಮ್ಮ ಕನ್ನಡಕದ ಮೇಲಿಂದ ನೋಡಿ, "ಬಿಟ್ಟಿದ್ದೇವೆ. ಬಿಟ್ಟಿದ್ದೇವೆ ಅಂತ ವಾರಕ್ಕೊಮ್ಮೆ ನೆನಪು ಮಾಡ್ತೇವೆ, ಅಷ್ಟೇ" ಎಂದಿದ್ದರು. ಪಾಸ್ಟರ್ ಮತ್ತೆ ಆ ತಂಟೆಗೆ ಹೋಗಲಿಲ್ಲ.

ಊರಿನ ಮದುಮಕ್ಕಳಿಗೆಲ್ಲ ಜೋಡಿ ಹಾಸಿಗೆ ಹೊಲಿದುಕೊಟ್ಟವನು ಅಂಗಡಿಯ ಅಟ್ಟದ ಮೇಲೆ ಒಂಟಿ ಚಾಪೆಯಲ್ಲಿ ಮಲಗುತ್ತಿದ್ದ. ಜನ ತಮಾಷೆ ಮಾಡಿದರೆ ಅವನೂ ನಗುತ್ತಿದ್ದ. ಮೊದಮೊದಲು ಆ ನಗುವಿನಲ್ಲಿ ಸಂಕಟವಿತ್ತು, ಆಮೇಲೆ ಅದೂ ಸವೆದುಹೋಯಿತು. ಟೀಚರಮ್ಮ ತೀರಿಕೊಂಡರು, ದರ್ಜಿಯ ಹೆಂಡತಿಯೂ ಹೋದರು. ಉಳಿದವರು ನರ್ಸಮ್ಮ ಒಬ್ಬರೇ. ಅವರ ಹೃದಯ ಸೋತಿದೆ, ಡಾಕ್ಟರು ಇನ್ನೇನೂ ಮಾಡುವ ಹಾಗಿಲ್ಲ ಎಂದಿದ್ದಾರೆ ಎಂದು ಅವರನ್ನು ನೋಡಿಕೊಳ್ಳುತ್ತಿದ್ದ ತಂಗಿಯ ಮಗಳು ಬಾಗಿಲಲ್ಲೇ ಅವನಿಗೆ ಪಿಸುಗುಟ್ಟಿದ್ದಳು. ಹಾಸಿಗೆ ಗಂಟು ಕಟ್ಟಿ ಬೆನ್ನಿಗೆ ಒತ್ತುತ್ತದೆ ಎಂದು ಅವನನ್ನು ಕರೆಸಿದವಳೂ ಅವಳೇ.

ಅವನು ಒಳಗಿನ ಹತ್ತಿಯನ್ನೆಲ್ಲ ಹೊರಗೆ ಸುರಿದು ಹಿಂಜಲು ಕೂತ.

"ಸಾಕು ಬಿಡಿ ಅಮ್ಮ," ಎಂದ. "ಈಗ ದೇವರು ಮನಸ್ಸು ಮಾಡಿ ಕೊಟ್ಟೇಬಿಟ್ರೆ ನನ್ನ ಗತಿ ಏನು?"

ನರ್ಸಮ್ಮ ನಕ್ಕರು. ನಕ್ಕಿದ್ದಕ್ಕೇ ಏದುಸಿರು ಬಂದು, ಎದೆಯ ಮೇಲೆ ಕೈಯಿಟ್ಟುಕೊಂಡು ಸುಧಾರಿಸಿಕೊಂಡರು. ಆಮೇಲೆ ಅವರ ದನಿ ಬೇರೆಯಾಗಿತ್ತು.

"ವಾರ್ಡಿನಲ್ಲಿ ರೋಗಿ ಗಂಟೆ ಒತ್ತಿದ್ರೆ ನಾನು ಓಡ್ತಿದ್ದೆ. ಕೈಯಲ್ಲಿ ಬೇರೆ ಕೆಲಸ ಇದ್ರೆ, ಬಂದೆ ಇರಿ ಅಂತಾದ್ರೂ ಕೂಗ್ತಿದ್ದೆ. ಈ ದೇವರು ಅಷ್ಟೂ ಹೇಳಲಿಲ್ಲ ಕಣೋ. ನನಗೆ ಭಯ ಆಗುತ್ತೆ. ಅಲ್ಲಿಗೆ ಹೋದ ಮೇಲೆ, ನೀನು ಯಾರಮ್ಮ ಅಂತ ಕೇಳಿಬಿಟ್ರೆ?"

ಹಾಸಿಗೆಯವನ ಕೈ ನಿಂತಿತು. ಪಾಸ್ಟರಾಗಿದ್ದರೆ ಇದಕ್ಕೊಂದು ಉತ್ತರ ಕೊಡುತ್ತಿದ್ದರೇನೋ. ಅವನಿಗೆ ಗೊತ್ತಿದ್ದದ್ದು ಹತ್ತಿಯೊಂದೇ. ಆದರೂ ಸುಮ್ಮನಿರಲು ಆಗಲಿಲ್ಲ.

"ನನಗೆ ಹೆಂಡತಿ ಬೇಕು ಅನ್ನಿಸೋದು ಯಾವತ್ತೋ ನಿಂತುಹೋಯ್ತಮ್ಮ. ಆದ್ರೂ ನಾನು ಬುಧವಾರ ತಪ್ಪಿಸಲಿಲ್ಲ. ಹೆತ್ತವಳ ಮುಖ ನನಗೆ ನೆನಪಿಲ್ಲ. ವಾರವೆಲ್ಲ ಅಂಗಡೀಲಿ ಉದ್ದ ಎಷ್ಟು, ಅಗಲ ಎಷ್ಟು, ಅಷ್ಟೇ ಮಾತು. ಬುಧವಾರ ಬಂದ್ರೆ ಮೂವರು ಹೆಂಗಸರು ನನಗೋಸ್ಕರ ದೇವರ ಹತ್ರ ಜಗಳಕ್ಕೆ ನಿಲ್ಲೋರು. ಅದನ್ನ ಕೇಳಿಸ್ಕೊಂಡು ಹೋದ ರಾತ್ರಿ ಒಳ್ಳೆ ನಿದ್ದೆ ಬರ್ತಿತ್ತು."



"ಅದು ನೀನು ಕೇಳಿಸ್ಕೊಂಡಿದ್ದು," ಎಂದರು ನರ್ಸಮ್ಮ. "ನಾನು ಹೇಳ್ತಿರೋದು ಅವನ ವಿಷಯ."

"ಅದು ನನಗೂ ಗೊತ್ತಿಲ್ಲಮ್ಮ."

ಅವನು ಹಿಂಜಿದ ಹತ್ತಿಯನ್ನು ಮೂಲೆಗಳಿಗೆ ಮೊದಲು ತುಂಬಿ, ನಡುವೆ ಸ್ವಲ್ಪ ದಪ್ಪ ಬಿಟ್ಟು, ದಬ್ಬಳದಿಂದ ಅಲ್ಲಲ್ಲಿ ಆಳವಾಗಿ ಚುಚ್ಚಿ ದಾರ ಬಿಗಿದ. ಅಂಚು ಹೊಲಿದು ಮುಗಿಸುವ ಹೊತ್ತಿಗೆ ಬಿಸಿಲು ಗೋಡೆಯವರೆಗೆ ಸರಿದಿತ್ತು. ಒಳಗೆ ಹೊತ್ತುಕೊಂಡು ಹೋಗಲು ಎದ್ದರೆ ನರ್ಸಮ್ಮ ಬೇಡವೆಂದರು. ಇಲ್ಲೇ, ಬಿಸಿಲಿನಲ್ಲೇ ಒಂದು ಗಳಿಗೆ ಮಲಗಬೇಕಂತೆ. ತಂಗಿಯ ಮಗಳು ಗೊಣಗುತ್ತ ಬಂದು ಅವರ ಒಂದು ತೋಳು ಹಿಡಿದಳು, ಅವನು ಇನ್ನೊಂದು; ಇಬ್ಬರೂ ಸೇರಿ ಮಲಗಿಸಿದರು. ಹಾಸಿಗೆ ಅವರ ಭಾರಕ್ಕೆ ಅಷ್ಟಾಗಿ ತಗ್ಗಲೂ ಇಲ್ಲ.

"ಇವತ್ತು ಬುಧವಾರ ಅಲ್ವೇನೋ?" ಎಂದರು ನರ್ಸಮ್ಮ. "ನನಗೆ ಸುಸ್ತು. ನೀನೇ ಪ್ರಾರ್ಥನೆ ಮಾಡು."

ಅಷ್ಟು ವರ್ಷ ಕೂಟದಲ್ಲಿ ಕೂತಿದ್ದವನು ಒಂದು ಸಲವೂ ಬಾಯಿ ಬಿಟ್ಟು ಪ್ರಾರ್ಥಿಸಿದವನಲ್ಲ. ತಪ್ಪಿಸಿಕೊಳ್ಳಲು ದಾರಿ ಹುಡುಕಿದ, ಸಿಗಲಿಲ್ಲ. ಹಾಸಿಗೆಯ ಪಕ್ಕದಲ್ಲಿ ಮಂಡಿಯೂರಿ ಕೈ ಜೋಡಿಸಿದ.

"ಕರ್ತನೇ," ಎಂದ. "ನರ್ಸಮ್ಮನಿಗೆ ಇನ್ನೊಂದು ಐದು ವರ್ಷ ಕೊಡು." ಡಾಕ್ಟರ ಮಾತು ನೆನಪಾಯಿತು. "ಅಷ್ಟು ಆಗದಿದ್ರೆ ಎರಡು. ಅದೂ ಆಗಲ್ಲ ಅಂದ್ರೆ, ಈ ಹತ್ತಿ ಮತ್ತೆ ಗಂಟು ಕಟ್ಟೋವರೆಗಾದ್ರೂ ಇರಲಿ. ನಾನೇ ಬಂದು ಮತ್ತೆ ಹಿಂಜಿಕೊಡ್ತೀನಿ."

"ಗಟ್ಟಿಯಾಗಿ ಕೇಳೋ," ಎಂದರು ನರ್ಸಮ್ಮ ಕಣ್ಣು ಮುಚ್ಚಿಕೊಂಡೇ. "ಇಲ್ಲೇ ಇದ್ದೀನಿ, ನನಗೇ ಕೇಳಿಸ್ತಿಲ್ಲ."

ಅವನು ಗಂಟಲು ಸರಿಮಾಡಿಕೊಂಡು ಮತ್ತೆ ಐದು ವರ್ಷದಿಂದಲೇ ಶುರು ಮಾಡಿದ. ನರ್ಸಮ್ಮನ ಮೇಲ್ದುಟಿಯ ಮೇಲೆ ಹತ್ತಿಯ ಒಂದು ಎಳೆ ಬಂದು ಕೂತಿತ್ತು. ಕೈ ಜೋಡಿಸಿದ್ದರಿಂದ ಅದನ್ನು ತೆಗೆಯಲು ಅವನಿಗೆ ಆಗಲಿಲ್ಲ. ಅವರ ಉಸಿರಿಗೆ ಅದು ಅಲುಗುತ್ತ ಅಲ್ಲೇ ಇತ್ತು.